‘ಯಾರು ಹೇಳಿ ಬಂದೆ?’ ಎಂದು ಕೇಳುವುದನ್ನು ಬಿಟ್ಟ ಮೇಷ್ಟ್ರು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಯಾವುದೇ ರಸ್ತೆಯಲ್ಲಿ ಗಾಡಿಯೊಂದು ಕೆಮ್ಮಿ ನಿಂತುಹೋದರೆ, ಅದರ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕುವವರು ಒಂದೋ ಶ್ರೀ ಭೂತಪ್ಪನವರ ಶಿಷ್ಯರಾಗಿರುತ್ತಾರೆ, ಇಲ್ಲವೇ ಅವರ ಶಿಷ್ಯರ ಶಿಷ್ಯರಾಗಿರುತ್ತಾರೆ. ಹೊಸನಗರದ ಗ್ರಾಮೋದಯ ಕೈಗಾರಿಕಾ ತರಬೇತಿ ಕೇಂದ್ರದ ಮೋಟಾರು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷಗಳ ಕಾಲ ಬೋಧಕರಾಗಿ, ಎಂಜಿನ್ನಿನ ಎದುರು ನಿಂತು ಕಲಿಸಿದ್ದಕ್ಕಿಂತ ಎಂಜಿನ್ನಿನ ಅಡಿಯಲ್ಲಿ ಮಲಗಿ ಕಲಿಸಿದ್ದೇ ಹೆಚ್ಚೆನ್ನಬಹುದಾದ ಈ ಹಿರಿಯರು ಕಳೆದ ಮೇ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾದರು. ಮೋಟಾರು ವಿದ್ಯೆಯನ್ನು ಕಲಿಸುವವರು ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ಮಗು ಆ ವಿದ್ಯೆಗೇ ಯಾಕೆ ಬರುತ್ತದೆ, ಬಂದ ಮಗುವಿನ ಹಿಂದೆ ಯಾರ ಮಾತು ಇದೆ, ಯಾರ ಮೌನ ಇದೆ ಎಂಬುದನ್ನು ಇಷ್ಟು ವರ್ಷ ಇಷ್ಟು ಹಟದಿಂದ ವಿಚಾರಿಸಿದವರನ್ನು ನಾವು ಬೇರೆ ಕಂಡಿಲ್ಲ.

ಈ ಅಭಿನಂದನ ಗ್ರಂಥಕ್ಕೆ ಅವರ ಒಪ್ಪಿಗೆ ಕೇಳಲು ಸಮಿತಿಯವರು ಹೋದಾಗ ಭೂತಪ್ಪನವರು ಒಂದು ಷರತ್ತು ಹಾಕಿದರು. “ನಾನು ಮಾಡಿದ ತಪ್ಪು ಬರೀದೆ ಬರೇ ಹೊಗಳಿಕೆ ತುಂಬ್ಸದಾದ್ರೆ ಪುಸ್ತಕವೇ ಬೇಡ ಮಾರಾಯ್ರೆ. ಆ ಕಾಗದದಲ್ಲಿ ಮಂಡಕ್ಕಿ ಕಟ್ಟಿಕೊಟ್ರೂ ಪ್ರಯೋಜನ ಆಗತ್ತೆ” ಎಂದರು. ಸನ್ಮಾನಿತರೇ ತಮ್ಮ ತಪ್ಪನ್ನು ಬರೆಯಿರೆಂದು ಪಟ್ಟು ಹಿಡಿದ ಅಭಿನಂದನ ಗ್ರಂಥ ಇನ್ನೊಂದಿದೆಯೋ ಇಲ್ಲವೋ ತಿಳಿಯದು. ಇರಲಿ, ಅವರ ಮಾತಿನಂತೆಯೇ ಬರೆಯುತ್ತಿದ್ದೇವೆ. ಆ ತಪ್ಪಿನಿಂದ ಸುಮನಾ ಎಂಬ ಹುಡುಗಿಗೆ ಒಂದು ವರ್ಷ ನಷ್ಟವಾಯಿತು. ಆ ಹುಡುಗಿಗೆ ನಮ್ಮ ಕಾರ್ಯಾಗಾರದಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂಬುದು ಅವರನ್ನು ಸೇವೆಯ ಕೊನೆಯ ವರ್ಷಗಳಲ್ಲಿ ಕಾಡಿದ ಪ್ರಶ್ನೆ. ಕೊನೆಗೆ ವಿಭಾಗದ ಅಳಿವು ಉಳಿವು ಕೂಡ ಅದೇ ಪ್ರಶ್ನೆಗೆ ಬಂದು ನಿಂತಿತು.

ಭೂತಪ್ಪನವರು ಹುಟ್ಟಿದ್ದು ಶರಾವತಿ ಹಿನ್ನೀರಿನ ಆಚೆ, ತುಮರಿಯ ಹತ್ತಿರದ ಒಂದು ಹಳ್ಳಿಯಲ್ಲಿ, ೧೯೬೫ರಲ್ಲಿ. ತಂದೆ ಕೆರಿಯಪ್ಪನವರು ಗೇಣಿದಾರರಾಗಿದ್ದು, ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಮೇಲೆ ಭೂಮಿಯ ಒಡೆಯರಾದವರು. ಕೈಗೆ ಬಂದ ನಾಲ್ಕು ಎಕರೆಯ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ, ಮಗ ಅದರ ಗಡಿ ದಾಟಿ ಬೇರೆ ಕೆಲಸಕ್ಕೆ ಹೋಗುವುದನ್ನು ಅವರು ಕನಸಿನಲ್ಲೂ ಒಪ್ಪುವವರಲ್ಲ. ಮಗನಿಗೋ ಹಿನ್ನೀರು ದಾಟಿಸುವ ಲಾಂಚಿನ ಹುಚ್ಚು. ಈಗ ಸೇತುವೆ ಆಗಿದೆ, ಹತ್ತು ನಿಮಿಷವೂ ಬೇಡ ದಾಟುವುದಕ್ಕೆ. ಆಗ ಲಾಂಚೇ ಗತಿ. ಎಲ್ಲರೂ ಲಾಂಚಿನ ಮೇಲೆ ನಿಂತು ನೀರು ನೋಡುತ್ತಿದ್ದರೆ ಈ ಪುಣ್ಯಾತ್ಮರು ಎಂಜಿನ್ನಿನ ಗೂಡಿನ ಬಾಗಿಲಲ್ಲಿ ಕೂತು ಎಣ್ಣೆಯ ವಾಸನೆ ಕುಡಿಯುತ್ತಿದ್ದರಂತೆ. ಎಸ್‌ಎಸ್‌ಎಲ್‌ಸಿ ಮುಗಿದ ವರ್ಷ ತಂದೆ ಮಗನಿಗೆ ದೊಡ್ಡ ಜಗಳವೇ ಆಗಿ, ತಾಯಿ ಮಾಸ್ತಮ್ಮನವರು ಕಟ್ಟಿಕೊಟ್ಟ ಬುತ್ತಿಯೊಂದಿಗೆ ಅವರು ನೀರು ದಾಟಿ ಸಾಗರಕ್ಕೆ ಬಂದು ಮೋಟಾರು ಮೆಕ್ಯಾನಿಕ್ ತರಬೇತಿಗೆ ಸೇರಿದರು. ಬಳಿಕ ಕೆಲವು ವರ್ಷ ಖಾಸಗಿ ಬಸ್ಸಿನವರ ಗ್ಯಾರೇಜಿನಲ್ಲಿ ದುಡಿದು, ೧೯೯೧ರಲ್ಲಿ ನಮ್ಮ ಕೇಂದ್ರಕ್ಕೆ ಬಂದರು.

ಅವರ ಮೊದಲ ವರ್ಷಗಳ ಉಪಕಾರಗಳನ್ನು ಹೇಳುತ್ತಾ ಹೋದರೆ ಈ ಗ್ರಂಥಕ್ಕೆ ಎರಡನೆಯ ಸಂಪುಟ ಬೇಕಾಗುತ್ತದೆ. ನಗರ ಹೋಬಳಿಯಿಂದ ಬಂದಿದ್ದ ಎಡಚ ವಿದ್ಯಾರ್ಥಿಯೊಬ್ಬನಿಗೆ ಬಲಗೈಯಲ್ಲಿ ಸ್ಪ್ಯಾನರು ಹಿಡಿ ಎಂದು ಮಿಕ್ಕವರೆಲ್ಲ ಗದರುತ್ತಿದ್ದಾಗ, ಭೂತಪ್ಪನವರು ಒಂದು ಶನಿವಾರ ಕೂತು ಅವನ ಮೇಜಿನ ಇಡೀ ಜೋಡಣೆಯನ್ನೇ ಎಡಮಗ್ಗುಲಿಗೆ ತಿರುಗಿಸಿ ಕೂರಿಸಿದರು. ಬಸ್ಸುಗಳ ಮುಷ್ಕರದ ದಿನವೇ ಪ್ರಾಯೋಗಿಕ ಪರೀಕ್ಷೆ ಬಂದಾಗ, ತೀರ್ಥಹಳ್ಳಿ ಕಡೆಯ ನಾಲ್ವರು ವಿದ್ಯಾರ್ಥಿಗಳನ್ನು ತಮ್ಮ ಬೈಕಿನಲ್ಲಿ ಎರಡು ಸುತ್ತಿನಲ್ಲಿ ಕರೆತಂದು, ಪರೀಕ್ಷಕರ ಮುಂದೆ ಏನೂ ನಡೆದೇ ಇಲ್ಲವೆಂಬಂತೆ ಮುಖ ಒರೆಸಿಕೊಂಡು ನಿಂತಿದ್ದರು. ಇಂಗ್ಲಿಷಿನ ಹೆಸರು ಕೇಳಿದರೆ ಬೆವರುತ್ತಿದ್ದ ಮಕ್ಕಳಿಗಾಗಿ ಪ್ರತಿಯೊಂದು ಬಿಡಿಭಾಗದ ಮೇಲೂ ಬಿಳಿ ಬಣ್ಣದಲ್ಲಿ ಕನ್ನಡದಲ್ಲೇ ಹೆಸರು ಬರೆದಿಟ್ಟಿದ್ದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ‘ಇದೇನು ಮದುವೆ ಪಾತ್ರೆಗಳಾ?’ ಎಂದು ನಕ್ಕಿದ್ದರು. ಮೇಷ್ಟ್ರೂ ನಕ್ಕರು, ಅಳಿಸಲಿಲ್ಲ.

ಇಂಥ ಮನುಷ್ಯರಿಗೆ ಒಂದು ನೋವಿತ್ತು. ಸೇರಿದವರಲ್ಲಿ ವರ್ಷಕ್ಕೆ ಐದಾರು ಮಂದಿ ನಡುವೆಯೇ ಬಿಟ್ಟು ಹೋಗುತ್ತಿದ್ದರು. ಯಾಕೆಂದು ವಿಚಾರಿಸಿದರೆ, ಅಪ್ಪನ ಒತ್ತಾಯಕ್ಕೆ ಬಂದವರು, ಮಾವನ ಹೆದರಿಕೆಗೆ ಬಂದವರು, ಅಂಕ ಕಡಿಮೆಯಾಯಿತೆಂದು ಮನೆಯವರು ತಂದು ತಳ್ಳಿದವರು. ಆಗ ಇಪ್ಪತ್ತು ಸೀಟಿಗೆ ಅರವತ್ತು ಅರ್ಜಿ ಬರುತ್ತಿದ್ದ ಕಾಲ. ಯಾರದೋ ಮಾತಿಗೆ ಬಂದವನು ಕುರ್ಚಿ ಬಿಸಿ ಮಾಡಿ ಎದ್ದು ಹೋದರೆ, ನಿಜವಾಗಿ ಆಸೆಪಟ್ಟವನಿಗೆ ಅನ್ಯಾಯವಲ್ಲವೇ ಎಂದು ಅವರು ಯೋಚಿಸಿದರು. ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ೧೯೯೬ರಿಂದ ಅವರು ಪ್ರವೇಶಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕತೊಡಗಿದರು: “ಯಾರು ಹೇಳಿ ಬಂದೆ?” ‘ನಂಗೇ ಇಷ್ಟ ಸಾರ್’ ಎಂದವರಿಗೆ ಕೂಡಲೇ ಸಹಿ. ‘ಮನೇಲಿ ಹೇಳಿದ್ರು’ ಎಂದವರಿಗೆ ಬೆನ್ನು ತಟ್ಟಿ, “ಒಂದು ವಾರ ಮನೇಲಿ ಕೂತು ಯೋಚನೆ ಮಾಡು. ನಿನಗೇ ಬೇಕು ಅನ್ನಿಸಿದರೆ ಬಾ, ಸೀಟು ಇಟ್ಟಿರ್ತೀನಿ” ಎಂದು ಕಳಿಸುತ್ತಿದ್ದರು. ಇಟ್ಟೂ ಇರುತ್ತಿದ್ದರು, ಕೊನೆಯ ದಿನಾಂಕದ ಸಂಜೆಯವರೆಗೆ.

ಈ ಪದ್ಧತಿಯನ್ನು ನಾವೆಲ್ಲ ಮೆಚ್ಚಿಕೊಂಡೆವು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಪ್ರಾಚಾರ್ಯ ರಾಮಚಂದ್ರಪ್ಪನವರು ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಬಿಟ್ಟು ಹೋಗುವವರು ಕಡಿಮೆಯಾದದ್ದೂ ನಿಜ. ವಾಪಸು ಕಳಿಸಿದವರಲ್ಲಿ ಹೆಚ್ಚಿನವರು ತಿರುಗಿ ಬರುತ್ತಿರಲಿಲ್ಲ. ಬರಲಿಲ್ಲವೆಂದ ಮೇಲೆ ಅವರಿಗೆ ಆಸೆ ಇರಲಿಲ್ಲವೆಂದೇ ಅರ್ಥವೆಂದು ನಾವು ನಿಶ್ಚಿಂತೆಯಿಂದ ಇದ್ದೆವು. ಹದಿನೆಂಟು ವರ್ಷ ಹೀಗೇ ಹೋಯಿತು ನೋಡಿ, ಒಬ್ಬರಿಗಾದರೂ ಅನುಮಾನ ಬರಬೇಡವೇ?

೨೦೧೪ರ ಜೂನ್ ತಿಂಗಳಲ್ಲಿ ಹೆಗ್ಗೋಡಿನ ಆಚೆಯ ಊರೊಂದರಿಂದ ಸುಮನಾ ಎಂಬ ಹದಿನಾರರ ಹುಡುಗಿ ಅಜ್ಜಿಯ ಜೊತೆ ಬಂದಳು. ಮೋಟಾರು ವಿಭಾಗಕ್ಕೆ ಅರ್ಜಿ ಹಾಕಿದ ಮೊದಲ ಹೆಣ್ಣುಮಗಳು ಅವಳು. ಕಚೇರಿಯ ಗುಮಾಸ್ತೆ ಜ್ಯೋತಿಲಕ್ಷ್ಮಿಯವರು ಅರ್ಜಿ ನೋಡಿ, ತಪ್ಪಿ ಬೇರೆ ವಿಭಾಗದ ಬದಲು ಇದಕ್ಕೆ ಗುರುತು ಹಾಕಿರಬೇಕೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಭೂತಪ್ಪನವರಿಗೆ ಒಳಗೊಳಗೇ ಸಂತೋಷವೇ ಆಗಿತ್ತು. ಆದರೆ ನಿಯಮ ನಿಯಮವೇ. ಕನ್ನಡಕ ಏರಿಸಿ, “ಯಾರು ಹೇಳಿ ಬಂದೆಯಮ್ಮಾ?” ಎಂದರು. ಹುಡುಗಿ ನೆಲ ನೋಡುತ್ತಾ, “ಮನೇಲಿ ಹೇಳಿದ್ರು ಸಾರ್” ಎಂದಳು. ಮೇಷ್ಟ್ರ ಉತ್ಸಾಹ ಅಲ್ಲಿಗೇ ಇಳಿಯಿತು. ಒಂದು ವಾರ ಯೋಚನೆ ಮಾಡಿ ಬಾ ಎಂದರು. ಅಜ್ಜಿ, ಮೊಮ್ಮಗಳು ಇಬ್ಬರೂ ತಲೆಯಾಡಿಸಿ ಎದ್ದು ಹೋದರು. ವಾರ ಕಳೆಯಿತು, ಕೊನೆಯ ದಿನಾಂಕವೂ ಕಳೆಯಿತು, ಅವಳು ಬರಲಿಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಆ ಅಜ್ಜಿ ಒಬ್ಬರೇ ಬಸ್ಸಿಳಿದು ಬಂದರು. ಹೆಸರು ಹುಲಿಯಮ್ಮ. ವಯಸ್ಸು ಎಪ್ಪತ್ತು ದಾಟಿತ್ತು, ದನಿಗೆ ಮಾತ್ರ ವಯಸ್ಸಾಗಿರಲಿಲ್ಲ. ಕಾರ್ಯಾಗಾರದ ಬಾಗಿಲಲ್ಲೇ ನಿಂತು, ಅಷ್ಟೂ ವಿದ್ಯಾರ್ಥಿಗಳ ಎದುರು, “ನಮ್ಮ ಸುಮನಾಗೆ ಸೀಟ್ ಇಲ್ಲ ಅಂದ್ರಲ್ಲ, ಎಂತಕ್ಕೆ ಅಂತ ಕೇಳಿಯೇ ಬಿಡನ ಅಂತ ಬಂದೆ” ಎಂದರು.

“ಇಲ್ಲ ಅಂದಿಲ್ಲವಲ್ಲ ಅಜ್ಜಿ! ಯೋಚನೆ ಮಾಡಿ ಬಾ ಅಂದೆ. ಅವಳೇ ಬರಲಿಲ್ಲ.”

“ಯೋಚ್ನೆ ಮಾಡಿ ಬಾ ಅಂದ್ರೆ ಇಲ್ಲ ಅಂತ್ಲೇ ಅಲ್ದಾ? ನಮ್ ಕಡೆ ಯಾರಾದ್ರೂ ಮುಖದ್ ಮೇಲೆ ಇಲ್ಲ ಅಂತಾರಾ? ಹೆಣ್ಣು ಕೇಳಕ್ಕೆ ಬಂದೋರ್ನೂ ಯೋಚ್ನೆ ಮಾಡಿ ಹೇಳ್ತೀವಿ ಅಂತ್ಲೇ ಕಳ್ಸದು.”

ಭೂತಪ್ಪನವರು ಕೈಯಲ್ಲಿದ್ದ ಬಟ್ಟೆಯ ಚಿಂದಿಯನ್ನು ಮೇಜಿನ ಮೇಲಿಟ್ಟರು. “ಅವಳಿಗೆ ಸ್ವಂತ ಆಸೆ ಇರಲಿಲ್ಲವಲ್ಲ ಅಜ್ಜಿ. ಮನೇಲಿ ಹೇಳಿದ್ರು ಅಂತ ಅವಳೇ ಅಂದಳು.”

“ಮನೇಲಿ ಯಾರ್ ಹೇಳ್ತಾರೆ? ಅವಳಪ್ಪ ಬೇಡವೇ ಬೇಡ ಅಂತ ಕುಣೀತಿದ್ದ. ಅವಳೇ ಎರಡು ದಿನ ಊಟ ಬಿಟ್ಟು, ಹಟ ಮಾಡಿ, ನನ್ನ ಎಳ್ಕಂಡು ಬಂದಿದ್ದು. ನಿಮ್ಮಂಥ ದೊಡ್ಡೋರ ಎದ್ರಿಗೆ ನಂಗಿಷ್ಟ, ನಂಗ್ ಬೇಕು ಅಂತ ಬಾಯಿಬಿಟ್ಟು ಹೇಳಕ್ಕಾಗತ್ತಾ? ಮಕ್ಳನ್ನ ಹಂಗೆ ಬೆಳ್ಸಿದೀವಾ ನಾವು? ನೀವು ಸೇರುವಾಗ ಎಂತ ಹೇಳಿದ್ರಿ ಮಾರಾಯ್ರೆ?”

ಆ ಪ್ರಶ್ನೆಗೆ ಭೂತಪ್ಪನವರಿಗೆ ತಾವು ಸೇರಿದ ದಿನ ನೆನಪಾಯಿತು. ೧೯೮೧ರಲ್ಲಿ ಸಾಗರದಲ್ಲಿ ಪ್ರವೇಶದ ಮೇಜಿನಾಚೆ ಕೂತಿದ್ದ ಅಧಿಕಾರಿ ಇದೇ ಪ್ರಶ್ನೆ ಕೇಳಿದ್ದರು. ಅಪ್ಪನೊಂದಿಗೆ ಜಗಳವಾಡಿ, ನೀರು ದಾಟಿ, ತಮ್ಮದೇ ಹುಚ್ಚಿನಿಂದ ಬಂದು ನಿಂತಿದ್ದ ಅವರು ಕೈಮುಗಿದು ಹೇಳಿದ ಉತ್ತರ ‘ಮನೇಲಿ ಹೇಳಿದ್ರು ಸಾರ್’ ಎಂದೇ. ಅವರ ಸ್ವಂತ ನಿಯಮದ ಪ್ರಕಾರ ಅವರಿಗೇ ಸೀಟು ಸಿಗುವಂತಿರಲಿಲ್ಲ. ಹದಿನೆಂಟು ವರ್ಷಗಳಿಂದ ತಾವು ವಾಪಸು ಕಳಿಸುತ್ತಾ ಬಂದದ್ದು ಆಸೆ ಇಲ್ಲದವರನ್ನಲ್ಲ, ಮರ್ಯಾದೆ ಕಲಿತವರನ್ನು ಎಂದು ಅವರಿಗೆ ಆ ಕ್ಷಣಕ್ಕೆ ಹೊಳೆಯಿತು. ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟರು. ಹುಲಿಯಮ್ಮನವರೇ ಗಾಬರಿಯಾಗಿ, “ನೀರು ಕೊಡ್ರೋ ಮೇಷ್ಟ್ರಿಗೆ” ಎಂದು ವಿದ್ಯಾರ್ಥಿಗಳನ್ನು ಕೂಗಿದರು.

ಮರುದಿನ ಭೂತಪ್ಪನವರು ಜ್ಯೋತಿಲಕ್ಷ್ಮಿಯವರ ಮುಂದೆ ನಿಂತು, ೧೯೯೬ರಿಂದ ಈಚೆಗಿನ ಹಳೆಯ ಅರ್ಜಿಗಳ ಕಟ್ಟುಗಳನ್ನೆಲ್ಲ ಇಳಿಸಲು ಹೇಳಿದರು. ವಾರ ಯೋಚಿಸಲು ಹೋಗಿ ತಿರುಗಿ ಬಾರದವರ ಹೆಸರು ನಲವತ್ತೊಂದು ಸಿಕ್ಕವು. ಮುಂದಿನ ಏಳೆಂಟು ತಿಂಗಳ ಭಾನುವಾರಗಳಲ್ಲಿ ಅವರು ತಮ್ಮ ಬೈಕನ್ನೇರಿ ಆ ನಲವತ್ತೊಂದು ಮನೆಗಳನ್ನು ಹುಡುಕಿಕೊಂಡು ಹೊರಟರು. ‘ಹಳೇದನ್ನೆಲ್ಲ ಕೆದಕಿ ಏನು ಮಾಡ್ತೀರಿ, ಬಿಡಿ’ ಎಂದು ನಾವು ಬುದ್ಧಿವಾದ ಹೇಳಿದೆವು. ಅವರು ಕೇಳಿದ್ದರೆ ತಾನೆ!

ಆ ಮನೆಗಳಲ್ಲಿ ಅವರನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಮೇಷ್ಟ್ರು ಆಮೇಲೆ ಹೇಳಿದ್ದುಂಟು. ಎಲ್ಲರೂ ಕಾಫಿ ಕೊಟ್ಟರು, ಕಾಲು ತೊಳೆಯಲು ನೀರು ಕೊಟ್ಟರು. ಕೆಲವರು ಅಂಗಡಿ ಇಟ್ಟು, ಕೆಲವರು ಸರ್ಕಾರಿ ಕೆಲಸ ಹಿಡಿದು ಸುಖವಾಗಿಯೇ ಇದ್ದರು. ತೀರ್ಥಹಳ್ಳಿ ಸಮೀಪದ ಹೂವಯ್ಯ ಎಂಬ ರೈತರ ಮಗ ರವೀಶ್ ಮಾತ್ರ ಅಂಗಳದಲ್ಲಿ ಊರವರ ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಯಂತ್ರಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂತಿದ್ದ. ಹನ್ನೆರಡು ವರ್ಷದ ಹಿಂದೆ ವಾಪಸು ಹೋದವನು ಯಾರ ಸಹಾಯವೂ ಇಲ್ಲದೆ, ತಪ್ಪು ಮಾಡಿ ಮಾಡಿಯೇ ಕಲಿತಿದ್ದ. ಭೂತಪ್ಪನವರು ಕ್ಷಮೆ ಕೇಳಿದಾಗ ಅವನು ನಾಚಿಕೊಂಡು, “ಅದೆಲ್ಲ ಎಂತ ಇಲ್ಲ ಸಾರ್. ಬಂದಿದೀರಲ್ಲ, ಈ ಕಾರ್ಬುರೇಟರ್ ಒಂಚೂರು ನೋಡ್ತೀರಾ?” ಎಂದನಂತೆ. ಅಂದಿನಿಂದ ಎರಡು ವರ್ಷ ಪ್ರತಿ ಶನಿವಾರ ಮಧ್ಯಾಹ್ನ ರವೀಶನಿಗೆ ನಮ್ಮ ಕಾರ್ಯಾಗಾರದ ಬಾಗಿಲು ತೆರೆದಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಅವನನ್ನು ತಮ್ಮ ಉತ್ತಮ ವಿದ್ಯಾರ್ಥಿಗಳ ಸಾಲಿಗೇ ಸೇರಿಸಿ ಮೇಷ್ಟ್ರು ಮಾತಾಡುತ್ತಾರೆ.

ಸುಮನಾಳ ಮನೆಯ ಕಥೆ ಬೇರೆ. ಅವಳು ಆ ಹೊತ್ತಿಗೆ ಸಾಗರದ ಪಿಯು ಕಾಲೇಜಿಗೆ ಸೇರಿ, ದಿನಾ ಹೋಗಿ ದಿನಾ ಬರುತ್ತಿದ್ದಳು, ಅಷ್ಟೆ. ತಂದೆ ಶಿವರಾಮ ಬಾಡಿಗೆಗೆ ಗೂಡ್ಸ್ ಆಟೊ ಓಡಿಸುವವರು, ಒಳ್ಳೆಯ ಮನುಷ್ಯ. ಮುಂದಿನ ವರ್ಷಕ್ಕಾದರೂ ಮಗಳನ್ನು ಕಳಿಸಿ ಎಂದು ಮೇಷ್ಟ್ರು ಕೇಳಿದಾಗ ಅವರು ನಗುತ್ತಾ, “ಅದಕ್ಕೇನ್ ಸಾರ್, ಅವಳಿಷ್ಟ” ಎಂದರು. ಹಳೆಯ ಭೂತಪ್ಪನವರಾಗಿದ್ದರೆ ಖುಷಿಯಿಂದ ಎದ್ದು ಬರುತ್ತಿದ್ದರು. ಈಗ ಪಾಠ ಕಲಿತಿದ್ದರು. ಮಗಳು ಮನೆಯವರ ಮೇಲೆ ಹಾಕುತ್ತಾಳೆ, ಅಪ್ಪ ಮಗಳ ಮೇಲೆ ಹಾಕುತ್ತಾನೆ, ಇಬ್ಬರ ಮಾತನ್ನೂ ತಿರುಗಿಸಿ ಓದಬೇಕು ಎಂದು ತಿಳಿದು, ಏನೂ ಹೇಳದೆ ಮುಂದಿನ ಭಾನುವಾರ ಮತ್ತೆ ಹೋದರು. ಅದರ ಮುಂದಿನ ಭಾನುವಾರವೂ ಹೋದರು.

ಮೂರನೆಯ ಭಾನುವಾರ ಶಿವರಾಮರ ಆಟೊ ಅಂಗಳದಲ್ಲೇ ಮುಷ್ಕರ ಹೂಡಿ ನಿಂತಿತ್ತು. “ಹೆಂಗೂ ಬಂದಿದೀರಲ್ಲ, ಒಂದ್ ಸಲ ನೋಡಿ ಸಾರ್” ಎಂದು ಅವರು ಕೇಳಿದರೆ ಭೂತಪ್ಪನವರು ಕೈ ಕಟ್ಟಿ ಕೂತು, “ನಾನು ಭಾನುವಾರ ಗಾಡಿ ಮುಟ್ಟಲ್ಲ” ಎಂದುಬಿಟ್ಟರು. ಅದು ಹಸಿಸುಳ್ಳು. ಅಷ್ಟರಲ್ಲಿ ಹುಲಿಯಮ್ಮನವರ ತಾಳ್ಮೆ ಮುಗಿಯಿತು. “ಏ ಶಿವರಾಮ, ನಿನ್ ಗಾಡಿ ಒಂದು ವರ್ಷದಿಂದ ದೇವ್ರು ಓಡಿಸ್ತಿದಾನೆ ಅಂದ್ಕಂಡ್ಯಾ? ನೀನು ಊಟ ಮಾಡಿ ಮಲಗಿದ ಹೊತ್ನಲ್ಲಿ ಇವಳು ಬಿಚ್ಚಿ ಒರಸ್ತಾಳೆ, ನಾನು ಬಾಗಿಲು ಕಾಯ್ತೀನಿ. ಏಳೇ ಸುಮನಾ, ಹೋಗಿ ನೋಡು!”

ಶಿವರಾಮ ಬಿಟ್ಟ ಬಾಯಿ ಬಿಟ್ಟಂತೆಯೇ ಕೂತರು. ಹುಡುಗಿ ಅಪ್ಪನ ಮುಖ ನೋಡದೆ ಎದ್ದು ಹೋದಳು. ಸಣ್ಣ ವಯಸ್ಸಿನಿಂದಲೂ ಊರಿನ ಅಕ್ಕಿ ಗಿರಣಿಯ ಡೀಸೆಲ್ ಎಂಜಿನ್ನಿಗೆ ಹಗ್ಗ ಸುತ್ತಿ ಎಳೆದು, ಅದರ ಶಬ್ದದಲ್ಲೇ ಅದರ ಕಾಯಿಲೆ ಹೇಳುತ್ತಿದ್ದವರು ಹುಲಿಯಮ್ಮ. ಮೊಮ್ಮಗಳು ಆ ಗಿರಣಿಯಲ್ಲಿ ಅಜ್ಜಿಯ ಸೆರಗು ಹಿಡಿದು ಬೆಳೆದವಳು. ಕಾಲು ಗಂಟೆ ಆಗುವಷ್ಟರಲ್ಲಿ ಆಟೊ ಕೂಗಿತು. ಶಿವರಾಮ ಎದ್ದು ಆಟೊದ ಸುತ್ತ ಒಂದು ಸಲ ನಡೆದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, “ಸಾಗರದಿಂದ ಹೊಸನಗರಕ್ಕೆ ಬೆಳಿಗ್ಗೆ ಎಷ್ಟೊತ್ತಿಗೆ ಬಸ್ಸು ಸಾರ್?” ಎಂದು ಕೇಳಿದರು. ಅದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ನಮ್ಮ ಸೀಮೆಯಲ್ಲಿ ಇಲ್ಲ.

೨೦೧೫ರಲ್ಲಿ ಸುಮನಾ ಸೇರಿದಳು. ಅದೇ ವರ್ಷದಿಂದ ಭೂತಪ್ಪನವರು ಆ ಪ್ರಶ್ನೆಯನ್ನು ಕೈಬಿಟ್ಟರು. ಅದರ ಬದಲು ಪ್ರವೇಶದ ದಿನ ಅರ್ಧ ಬಿಚ್ಚಿದ ಎಂಜಿನ್ನೊಂದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಾಲ್ಕು ಸ್ಪ್ಯಾನರಿಟ್ಟು, ತಂದೆ ತಾಯಿಯರನ್ನೆಲ್ಲ ಚಹಾಕ್ಕೆಂದು ಕರೆದುಕೊಂಡು ಹೋಗುತ್ತಿದ್ದರು. ಅರ್ಧ ಗಂಟೆ ಬಿಟ್ಟು ಬಂದು ಮಕ್ಕಳ ಉಗುರು ನೋಡುತ್ತಿದ್ದರು. ಕಪ್ಪಾಗಿದ್ದರೆ ಸೀಟು. ಉಗುರು ಬೆಳ್ಳಗಿದ್ದವರನ್ನೂ ಅವರು ವಾಪಸು ಕಳಿಸುತ್ತಿರಲಿಲ್ಲ. ಇನ್ನೊಂದು ಸಲ ಚಹಾ ಕುಡಿಯಲು ಹೋಗುತ್ತಿದ್ದರು. ಪ್ರವೇಶದ ಸಮಯದಲ್ಲಿ ಮೇಷ್ಟ್ರಿಗೆ ದಿನಕ್ಕೆ ಹತ್ತು ಹನ್ನೆರಡು ಚಹಾ ಆಗಿ ರಾತ್ರಿ ನಿದ್ದೆ ಬರುತ್ತಿರಲಿಲ್ಲವೆಂದು ಮನೆಯವರ ದೂರಿತ್ತು.

ಈ ನಡುವೆ ಒಮ್ಮೆ ಶಿವಮೊಗ್ಗದಿಂದ ಸಂಶೋಧನೆ ಮಾಡುವ ಯುವತಿಯೊಬ್ಬರು ಅಚ್ಚು ಹಾಕಿದ ಪ್ರಶ್ನಾವಳಿ ಹಿಡಿದು ಬಂದರು. ಮೋಟಾರು ತರಬೇತಿಯನ್ನು ವಿದ್ಯಾರ್ಥಿಗಳು ಆಯ್ದುಕೊಳ್ಳಲು ಯಾವುದು ಪ್ರೇರಣೆ ಎಂಬುದು ಅವರ ವಿಷಯ. ವಿದ್ಯಾರ್ಥಿಗಳೆಲ್ಲ ತಪ್ಪದೆ ‘ಪೋಷಕರ ಸಲಹೆ’ ಎಂಬಲ್ಲಿ ಗುರುತು ಹಾಕಿ ಕೊಟ್ಟರು. ಆ ಹಾಳೆಗಳನ್ನು ಭೂತಪ್ಪನವರು ಒಂದೊಂದಾಗಿ ತಿರುವಿ ನೋಡಿ, “ಇವರು ಸುಳ್ಳು ಬರೆದಿಲ್ಲ ಮೇಡಂ, ಮರ್ಯಾದೆ ಬರೆದಿದ್ದಾರೆ” ಎಂದರು. ಆಮೇಲೆ ಆಕೆಯನ್ನು ಕೂರಿಸಿಕೊಂಡು ತಮಗೆ ಗೊತ್ತಿದ್ದುದನ್ನು ಹೇಳಿದರು. ಈ ಹುಡುಗ ಶಾಲೆಗೆ ಹೋಗುತ್ತಿದ್ದ ಖಾಸಗಿ ಬಸ್ಸಿನ ಹಾರನ್ನಿಗೆ ಮರುಳಾದವನು. ಆ ಕಡೆ ಕೂತವನ ಮಾವ ಕೊಡಚಾದ್ರಿ ಬೆಟ್ಟಕ್ಕೆ ಜೀಪು ಹತ್ತಿಸುತ್ತಾನೆ, ಅದನ್ನು ನೋಡಿ ಬಂದವನು ಅವನು. ಈ ಹುಡುಗಿಯ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಸುಗ್ಗಿಯ ಹೊತ್ತಿಗೇ ಕೈಕೊಟ್ಟು, ರಿಪೇರಿಯವನು ನಾಲ್ಕು ದಿನ ಬಾರದೆ ಸತಾಯಿಸಿದ್ದ, ಅವತ್ತೇ ಅವಳು ತೀರ್ಮಾನ ಮಾಡಿದ್ದಳು. ಅಗೋ ಅವನು ಬಂದದ್ದು ಪಕ್ಕದಲ್ಲಿ ಕೂತಿರುವ ಗೆಳೆಯ ಬಂದನೆಂದು, ಆದರೆ ಈಗ ಗೆಳೆಯನಿಗಿಂತ ಇವನದೇ ಕೈ ಚುರುಕು. ಆಕೆ ಪ್ರಶ್ನಾವಳಿ ಮಡಚಿಟ್ಟು ಸಂಜೆಯವರೆಗೆ ಬರೆದುಕೊಂಡರು.

ಸುಮನಾ ತರಬೇತಿ ಮುಗಿಸಿ, ಶಿವಮೊಗ್ಗದ ವಾಹನ ಸರ್ವಿಸ್ ಕೇಂದ್ರವೊಂದರಲ್ಲಿ ಕೆಲಸ ಹಿಡಿದು, ಅಲ್ಲಿಂದ ರಜೆ ಹಾಕಿ ಬೋಧಕರ ತರಬೇತಿಯನ್ನೂ ಪಡೆದಳು. ಅದನ್ನು ಯಾಕೆ ಪಡೆದಳೆಂದು ನಮಗೆಲ್ಲ ಅರ್ಥವಾಗಿತ್ತು, ನಮ್ಮ ಮೇಷ್ಟ್ರೊಬ್ಬರನ್ನು ಬಿಟ್ಟು. ಅವರ ನಿವೃತ್ತಿ ಹತ್ತಿರವಾಯಿತು. ಬೋಧಕರು ಬೇಕೆಂದು ಎರಡು ಬಾರಿ ಜಾಹೀರಾತು ಕೊಟ್ಟರೂ ಹೊಸನಗರಕ್ಕೆ ಬಂದು ನೆಲೆಸುವವರು ಸಿಗಲಿಲ್ಲ. ಹೀಗೇ ಆದರೆ ಮೋಟಾರು ವಿಭಾಗವನ್ನೇ ಮುಚ್ಚುವುದೆಂದು ಆಡಳಿತ ಮಂಡಳಿಯವರು ಮಾತಾಡತೊಡಗಿದರು. ಭೂತಪ್ಪನವರಿಗೆ ಊಟ ಸೇರದಾಯಿತು.

‘ಸುಮನಾಗೆ ಒಂದು ಮಾತು ಹೇಳಬಾರದಾ?’ ಎಂದು ಜ್ಯೋತಿಲಕ್ಷ್ಮಿಯವರು ಅವರನ್ನು ಕೇಳಿದರು. “ಒಂದು ಸಲ ಅಡ್ಡ ನಿಂತು ಅವಳ ವರ್ಷ ಹಾಳು ಮಾಡಿದೀನಿ. ಈಗ ಒಳ್ಳೆ ಕೆಲಸ ಬಿಟ್ಟು ಬಾ ಅಂತ ನಾನು ಹೇಳಿದ್ರೆ, ಇಷ್ಟ ಇಲ್ಲದಿದ್ರೂ ಇಲ್ಲ ಅನ್ನಲ್ಲ ಅವಳು. ನಾನು ಬಾಯಿ ಬಿಡಲ್ಲ” ಎಂದರು ಮೇಷ್ಟ್ರು. ಜ್ಯೋತಿಲಕ್ಷ್ಮಿಯವರು ಬಿಡದೆ ಸುಮನಾಳಿಗೆ ಫೋನು ಮಾಡಿದರು. ಅವಳು, “ನಾನು ತಕ್ಕವಳು ಅಂತ ಅನ್ಸಿದ್ರೆ ಸಾರೇ ಕರೀತಿದ್ರಲ್ಲ ಮೇಡಂ. ಕರೀದೇ ಇದ್ದಾಗ ನಾನಾಗಿ ಹೆಂಗೆ ಕೇಳ್ಲಿ? ದಯವಿಟ್ಟು ನೀವೂ ಅವ್ರಿಗೆ ಹೇಳ್ಬೇಡಿ” ಎಂದು ಆಣೆ ಹಾಕಿಸಿಕೊಂಡಳು. ಆರು ತಿಂಗಳು ಹೀಗೆ! ಅವಳು ತಿಂಗಳಿಗೊಮ್ಮೆ ಬಂದು ಮೇಷ್ಟ್ರನ್ನು ಮಾತಾಡಿಸಿ, ಹವಾಮಾನದ ವಿಷಯ ಮಾತಾಡಿ ಹೋಗುವುದು. ಇವರು ಬಸ್ ನಿಲ್ದಾಣದವರೆಗೆ ಬಿಟ್ಟು, ಜೋಲು ಮುಖ ಹಾಕಿಕೊಂಡು ಬರುವುದು. ನೋಡುವ ನಮಗೆ ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಬೇಕೆನ್ನಿಸುತ್ತಿತ್ತು.

ಏಪ್ರಿಲಿನಲ್ಲಿ ಮಂಡಳಿಯ ಸಭೆ ಸೇರಿತು. ಹಳೆಯ ವಿದ್ಯಾರ್ಥಿಗಳ ಪರವಾಗಿ ಸುಮನಾಳೂ ಬಂದಿದ್ದಳು. ಅಧ್ಯಕ್ಷರು ವಿಭಾಗ ಮುಚ್ಚುವ ಠರಾವನ್ನು ಮಂಡಿಸಿ, ವಿಲೇವಾರಿ ಮಾಡಬೇಕಾದ ಸಾಮಗ್ರಿಗಳ ಪಟ್ಟಿಯನ್ನು ಓದತೊಡಗಿದರು. ಬೋಧನೆಯ ಎಂಜಿನ್ನು ಮೂರು. ಹೈಡ್ರಾಲಿಕ್ ಜಾಕು ಎರಡು. ಕೆಲಸದ ಮೇಜು ಹತ್ತು. ಭೂತಪ್ಪನವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಮೇಜುಗಳ ಲೆಕ್ಕ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು.

“ಓದ್ಬೇಡಿ ಸಾರ್, ನಿಲ್ಸಿ.” ಸುಮನಾ ಎದ್ದು ನಿಂತಿದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. “ಆ ಕೆಲಸ ನಂಗೆ ಬೇಕು. ನನ್ನತ್ರ ಸರ್ಟಿಫಿಕೇಟ್ ಇದೆ. ಯಾರೂ ಹೇಳಿ ಕಳ್ಸಿದ್ದಲ್ಲ, ಮನೇಲೂ ಗೊತ್ತಿಲ್ಲ. ನಾನೇ ಕೇಳ್ತಿದೀನಿ. ನಂಗೆ ಬೇಕು.”

ಅಷ್ಟು ಮಂದಿ ಹಿರಿಯರ ಎದುರು ಒಬ್ಬ ಹುಡುಗಿ ‘ನಂಗೆ ಬೇಕು’ ಎಂದು ಎರಡು ಬಾರಿ ಹೇಳಿದ್ದನ್ನು ನಾವು ನಮ್ಮ ಜನ್ಮದಲ್ಲಿ ಮೊದಲ ಸಲ ಕೇಳಿದ್ದು. ಅಧ್ಯಕ್ಷರು ಪಟ್ಟಿಯನ್ನು ಕೆಳಗಿಟ್ಟರು. ಭೂತಪ್ಪನವರು ಎದ್ದರು. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ನಮ್ಮೆದುರು ಕಣ್ಣೀರು ಹಾಕದ ಮನುಷ್ಯ ಅಂದು ಅತ್ತರು. ಅಳುತ್ತಲೇ, ಬೈಯುವ ದನಿಯಲ್ಲಿ, “ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?” ಎಂದರು.

“ನೀವು ಕೇಳ್ಲೇ ಇಲ್ಲವಲ್ಲ ಸಾರ್” ಎಂದಳು ಸುಮನಾ.

ಸಭೆ ನಕ್ಕ ನಗುವಿಗೆ ಹೊರಗಿದ್ದ ವಿದ್ಯಾರ್ಥಿಗಳು ಓಡಿಬಂದು ಬಾಗಿಲಲ್ಲಿ ನಿಂತರು. ನಗದೆ ಇದ್ದವರು ಭೂತಪ್ಪನವರು ಒಬ್ಬರೇ. ಅವರು ಕಣ್ಣೊರೆಸಿಕೊಂಡು, ಸುಮನಾಳ ಹತ್ತಿರ ಹೋಗಿ, “ಹೌದು. ಕೇಳ್ಬೇಕಾಗಿತ್ತು” ಎಂದರು.

ಜೂನ್ ಮೊದಲ ವಾರದಿಂದ ಮೋಟಾರು ವಿಭಾಗದ ಬೋಧಕಿ ಸುಮನಾ. ಈ ವರ್ಷ ಇಪ್ಪತ್ತು ಸೀಟೂ ತುಂಬಿವೆ, ಅದರಲ್ಲಿ ಐವರು ಹೆಣ್ಣುಮಕ್ಕಳು. ಭೂತಪ್ಪನವರು ವಾರಕ್ಕೆರಡು ದಿನ ಬೆಳಿಗ್ಗೆ ಬಂದು, ಕರೆದರೆ ಒಳಗೆ ಹೋಗುತ್ತಾರೆ, ಕರೆಯದಿದ್ದರೆ ತಾವೇ ಬಾಗಿಲಲ್ಲಿ ನಿಂತು, “ಒಳಗೆ ಬರ್ಲಾ? ನಂಗೂ ಆ ಗೇರ್ ಬಾಕ್ಸ್ ನೋಡ್ಬೇಕು” ಎಂದು ಬಾಯಿಬಿಟ್ಟು ಕೇಳುವುದನ್ನು ಈಚೆಗೆ ಅಭ್ಯಾಸ ಮಾಡಿಕೊಂಡಿದ್ದಾರೆ. ಅರವತ್ತರ ಮೇಲೆ ಕಲಿತ ಅಭ್ಯಾಸವಾದರೂ ಅವರಿಗೆ ಚೆನ್ನಾಗಿಯೇ ಒಗ್ಗಿದೆ.

ಇಂಥ ಗುರುಗಳಿಗೆ ಆಯುಸ್ಸು, ಆರೋಗ್ಯಗಳು ಬೇಡಿದಷ್ಟೂ ದೊರೆಯಲಿ. ಅವರ ಕೈಯ ಎಣ್ಣೆ ಎಂದೂ ಒಣಗದಿರಲಿ. ಮೂರು ತಾಲ್ಲೂಕುಗಳ ಮಕ್ಕಳು ಅವರ ಮುಂದೆ ನಿಂತು ತಮ್ಮ ಆಸೆಯನ್ನು ಹೆದರದೆ ಹೇಳುವಂಥ ದಿನಗಳನ್ನು ಅವರು ಬಹುಕಾಲ ಕಾಣಲಿ ಎಂದು ಸಹೋದ್ಯೋಗಿಗಳೆಲ್ಲರ ಪರವಾಗಿ ಹಾರೈಸುತ್ತೇವೆ. ಇಷ್ಟು ವರ್ಷ ಜೊತೆಗಿದ್ದೂ ಸಂಕೋಚಕ್ಕೆ ಬಿದ್ದು ಅವರ ಮುಖಕ್ಕೆ ಹೇಳದೇ ಉಳಿದದ್ದನ್ನು ಅಚ್ಚಿನಲ್ಲಾದರೂ ಹೇಳಿಬಿಡುತ್ತೇವೆ: ಭೂತಪ್ಪನವರೇ, ನಮಗೆ ನಿಮ್ಮನ್ನು ಕಂಡರೆ ಬಹಳ ಪ್ರೀತಿ.